ಕಾಂಟ್ರಾ ಕಷ್ಟ ಆಗಿದ್ದಲ್ಲ ಸರ್, ನಾವು ಆಗ ಆಡಿದ ಕಾಂಟ್ರಾನೇ ಬೇರೆ

ಪ್ರಶ್ನೆ: ಸರ್, ನಂದು ದಾವಣಗೆರೆ, ವಯಸ್ಸು 41. ಚಿಕ್ಕವನಿದ್ದಾಗ ಅಣ್ಣನ ಜೊತೆ ಟಿವಿ ಗೇಮಲ್ಲಿ ಕಾಂಟ್ರಾ ಆಡಿ ಎಷ್ಟೋ ಸಲ ಮುಗಿಸಿದ್ದೀನಿ. ಮೊನ್ನೆ ಮಗನಿಗೆ (11 ವರ್ಷ) ತೋರಿಸೋಣ ಅಂತ ಲ್ಯಾಪ್‌ಟಾಪ್‌ನ ದೊಡ್ಡ ಎಲ್‌ಇಡಿ ಟಿವಿಗೆ ಸಿಕ್ಕಿಸಿ ಹಾಕ್ದೆ. ಮೊದಲನೇ ಸ್ಟೇಜೇ ದಾಟೋಕಾಗ್ಲಿಲ್ಲ, ಚಿತ್ರ ಎಲ್ಲಾ ಇಟ್ಟಿಗೆ ಜೋಡಿಸಿದಂಗೆ ಕಾಣ್ತಿತ್ತು, ಮಗ ಐದೇ ನಿಮಿಷಕ್ಕೆ ಎದ್ದೋದ. ಆದ್ರೆ ಅವನೇ ಶವಲ್ ನೈಟ್, ಸೆಲೆಸ್ಟ್ ಅಂತ ಹಳೇ ಸ್ಟೈಲಿನ ಹೊಸ ಗೇಮ್‌ಗಳನ್ನ ಗಂಟೆಗಟ್ಲೆ ಆಡ್ತಾನೆ. ಹಳೇ ಗೇಮ್‌ಗಳು ನಿಜವಾಗ್ಲೂ ಚೆನ್ನಾಗಿದ್ವಾ, ಇಲ್ಲ ನಮಗೇ ಹಳೇದರ ಹುಚ್ಚಾ? ಈ ಹೊಸ ರೆಟ್ರೋಗಳ ಬಗ್ಗೆ ನಿಮಗೇನನ್ಸುತ್ತೆ?

ಉತ್ತರ:

ನಿಮ್ಮ ಪ್ರಶ್ನೆ ಓದಿ ನಗು ಬಂತು ಸರ್, ಯಾಕಂದ್ರೆ ಇದೇ ಮರ್ಯಾದೆ ನನಗೂ ಆಗಿದೆ, ಅದೂ ತಂಗಿ ಮಗಳ ಮುಂದೆ. "ಮಾಮ, ನೀನು ಚಾಂಪಿಯನ್ ಅಂದಿದ್ದೆ" ಅಂದ್ಲು, ಪಾಪ ಬೇಜಾರಿಂದಾನೇ ಅಂದ್ಲು. ಆವತ್ತು ರಾತ್ರಿ ಕೂತ್ಕೊಂಡು ಯಾಕೆ ಹಿಂಗಾಯ್ತು ಅಂತ ಒಂದೊಂದೇ ಎಳೆ ಬಿಡಿಸಿ ನೋಡ್ದೆ, ಆಗ ಗೊತ್ತಾಗಿದ್ದು ಏನಂದ್ರೆ ನಾವು ಆಗ ಆಡಿದ ಕಾಂಟ್ರಾನೇ ಬೇರೆ, ಈಗ ಟಿವಿಗೆ ಹಾಕ್ತಿರೋ ಕಾಂಟ್ರಾನೇ ಬೇರೆ. ಹುಚ್ಚೋ ಪ್ರೀತಿನೋ ಅನ್ನೋದು ಆಮೇಲಿನ ಮಾತು, ಮೊದ್ಲು ಮಿಷಿನ್ ವಿಷಯ ಮುಗಿಸೋಣ.

ನಮ್ಮ ಕಡೆ ಅಂಗಡೀಲಿ ಟಿವಿ ಗೇಮ್ ಅಂತ ಕೊಡ್ತಿದ್ದದ್ದು ಬಹುಪಾಲು ನಿಂಟೆಂಡೋದ ಅಸಲಿ ಮಾಲಲ್ಲ, ಜಪಾನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಅನ್ನೋ ಮಿಷಿನ್ನಿನ ನಕಲು. ಆ ಕ್ಯಾಸೆಟ್ಟಿಗೆ 60 ಪಿನ್ನು, ಅದೇ ಮಿಷಿನ್ನನ್ನ ಅಮೆರಿಕದಲ್ಲಿ ಎನ್‌ಇಎಸ್ ಅನ್ನೋ ಹೆಸರಲ್ಲಿ ಮಾರಿದ್ರು, ಅದರ ಕ್ಯಾಸೆಟ್ಟಿಗೆ 72, ಅದಕ್ಕೇ ಯಾರೋ ಫಾರಿನ್ನಿಂದ ತಂದ್ಕೊಟ್ಟ ಕ್ಯಾಸೆಟ್ ನಮ್ಮ ಮಿಷಿನ್ನಲ್ಲಿ ಕೂರ್ತಾನೇ ಇರ್ಲಿಲ್ಲ. (ಕಾರ್ಟ್ರಿಜ್ ಅಂತ ಸರಿಯಾಗಿ ಹೇಳಿ ಅಂತ ಹುಡುಗ್ರು ತಿದ್ದುತಾರೆ. ನಮಗೆ ಅದು ಕ್ಯಾಸೆಟ್ಟೇ, ಬಿಡ್ರಪ್ಪ.)

ಈಗ ಲೆಕ್ಕ ನೋಡಿ. ಜಪಾನು ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೀತಿತ್ತು, ನಮ್ಮ ದೇಶದ ಪ್ಯಾಲ್ ಅನ್ನೋ ಪದ್ಧತಿಯ ಟಿವಿ 50 ಸಲ. ಆಗಿನ ಗೇಮ್‌ಗಳಿಗೆ ಬೇರೆ ಗಡಿಯಾರ ಅಂತ ಇರ್ಲಿಲ್ಲ, ಟಿವಿ ಒಂದು ಸಲ ಚಿತ್ರ ಬರೆದ್ರೆ ಗೇಮು ಒಂದು ಹೆಜ್ಜೆ ಮುಂದೆ ಹೋಗೋದು, ಅಷ್ಟೇ. ಹಂಗಾಗಿ ಪ್ಯಾಲ್ ಟಿವಿಗೆ ಅಂತ ಮಾಡಿದ ಕ್ಲೋನಲ್ಲಿ, ಅಂದ್ರೆ ನಕಲು ಮಿಷಿನ್ನಲ್ಲಿ, 60 ಸೆಕೆಂಡಿನ ಆಟಕ್ಕೆ 72 ಸೆಕೆಂಡ್ ಹಿಡಿಯೋದು. ಶತ್ರು ನಿಧಾನ, ಗುಂಡು ನಿಧಾನ, ಹಾಡೂ ನಿಧಾನ. ನೀವು ಮೊನ್ನೆ ಹಾಕಿದಾಗ "ಮ್ಯೂಸಿಕ್ ಸ್ವಲ್ಪ ಓಡ್ತಾ ಇದ್ಯಲ್ಲ" ಅಂತ ಅನ್ಸಿರ್ಬೇಕು, ಅನ್ಸಿದ್ರೆ ನಿಮ್ಮ ಕಿವಿ ಸರಿಯಾಗೇ ಇದೆ, ಎಮ್ಯುಲೇಟರ್‌ಗಳು (ಹಳೇ ಮಿಷಿನ್ ತರಾನೇ ಲ್ಯಾಪ್‌ಟಾಪಲ್ಲಿ ನಡ್ಕೊಳ್ಳೋ ಸಾಫ್ಟ್‌ವೇರ್) ಅಮೆರಿಕದ ಫೈಲನ್ನ 60ರ ಲೆಕ್ಕದಲ್ಲೇ ಓಡಿಸೋದು. ಅಂದ್ರೆ ನೀವು ಹತ್ತು ವರ್ಷದ ಹುಡುಗನಾಗಿದ್ದಾಗ ಆಡಿದ್ದಕ್ಕಿಂತ ಫಾಸ್ಟಾಗಿರೋ ಗೇಮನ್ನ 41ರಲ್ಲಿ ಆಡೋಕೆ ಹೋಗಿದ್ದೀರ.

ಎರಡನೇದು ರಿಮೋಟು. ನಮ್ಮ ಕ್ಲೋನ್ ರಿಮೋಟಲ್ಲಿ ಎ, ಬಿ ಬಟನ್ ಮೇಲೆ ಇನ್ನೆರಡು ಬಟನ್ ಇರ್ತಿದ್ವು ನೆನಪಿದ್ಯಾ, ಅದು ಟರ್ಬೊ. ಒತ್ತಿ ಹಿಡ್ಕೊಂಡ್ರೆ ಸಾಕು ಟಕಟಕಟಕ ಅಂತ ತಾನೇ ಹೊಡೀತಿತ್ತು. ಕಾಂಟ್ರಾದಲ್ಲಿ ಶುರೂಲಿ ಕೊಡೋ ಮಾಮೂಲಿ ಗನ್ನಿಗೆ ಒಂದೊಂದು ಗುಂಡಿಗೂ ಒಂದೊಂದು ಸಲ ಬಟನ್ ಒತ್ತಬೇಕು, ಅದೇ ಆ ಗನ್ನಿನ ಬಡತನ, ಅದರಿಂದಾನೇ ಒಂದೇ ಒತ್ತಿಗೆ ಐದು ಗುಂಡು ಹರಡೋ ಎಸ್ ಗನ್ ಸಿಕ್ಕಿದಾಗ ಹಬ್ಬ ಆಗೋದು. ಟರ್ಬೊ ಇದ್ರೆ ಆ ಬಡತನಾನೇ ಇಲ್ಲ. ಲ್ಯಾಪ್‌ಟಾಪಲ್ಲಿ ನೀವು ಕೀಬೋರ್ಡಲ್ಲೋ ಮಾಮೂಲಿ ಗೇಮ್‌ಪ್ಯಾಡಲ್ಲೋ ಆಡಿರ್ತೀರ, ಟರ್ಬೊ ಎಲ್ಲಿಂದ ಬರ್ಬೇಕು.

ಮೂರನೇದು ಲೈಫು. ಅಸಲಿ ಗೇಮಲ್ಲಿ ಮೂರೇ ಲೈಫು, ಒಂದು ಗುಂಡು ತಗುಲಿದ್ರೆ ಕಥೆ ಮುಗೀತು. ನಾವ್ಯಾರು ಮೂರು ಲೈಫಲ್ಲಿ ಆಡಿದ್ದು ಹೇಳಿ ನೋಡೋಣ? ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಅದನ್ನ ಒತ್ತಿದ್ರೆ 30 ಲೈಫು. ಮಗ್ಗಿ ಮರೆತೋದ್ರೂ ಅದು ಮರೆಯಲ್ಲ. ಈ ಕೋಡ್ ಮೊದ್ಲು ಬಂದಿದ್ದು ಕಾಂಟ್ರಾದಲ್ಲಲ್ಲ, 1986ರ ಗ್ರೇಡಿಯಸ್ ಗೇಮಿನ ಮನೆ ವರ್ಷನ್ನಲ್ಲಿ. ಅದನ್ನ ಮಾಡ್ತಿದ್ದ ಕಝುಹಿಸಾ ಹಶಿಮೊಟೊ ಅನ್ನೋರಿಗೆ ತಾನು ಮಾಡ್ತಿರೋ ಗೇಮೇ ಕಷ್ಟ ಆಗಿ ಟೆಸ್ಟ್ ಮಾಡೋಕಾಗದೆ ತಮಗೋಸ್ಕರ ಹಾಕ್ಕೊಂಡಿದ್ದು. ಗೇಮ್ ಮಾಡಿದವರಿಗೇ ಆಗ್ತಿರ್ಲಿಲ್ಲ ಅಂದ್ಮೇಲೆ ನೀವ್ಯಾಕೆ ನಾಚ್ಕೋಬೇಕು. ಇದರ ಮೇಲೆ ನಮ್ಮ "ಲಕ್ಷಾಂತರ ಗೇಮ್ ಇನ್ ಒನ್" ಕ್ಯಾಸೆಟ್‌ಗಳಲ್ಲಿ ಒಂದೇ ಗೇಮನ್ನ ಹತ್ತು ಕಡೆ ಬೇರೆ ಬೇರೆ ಹೆಸರಲ್ಲಿ ತುಂಬಿರ್ತಿದ್ರು, ಒಂದ್ಕಡೆ ಮೂರನೇ ಸ್ಟೇಜಿಂದ ಶುರು, ಇನ್ನೊಂದ್ಕಡೆ ಕೈಯಲ್ಲಿ ಆಗ್ಲೇ ಒಳ್ಳೇ ಗನ್ನು. ಮೋಸಾನೇ ಅದು, ಆದ್ರೆ ಮಕ್ಕಳಿಗೆ ಎಷ್ಟು ಅನುಕೂಲ ಆಗಿತ್ತು ನೋಡಿ.

ನಾಲ್ಕನೇದು ನಿಮ್ಮ ಹೊಸ ಟಿವಿ, ನನ್ನ ಪ್ರಕಾರ ದೊಡ್ಡ ವಿಲನ್ ಇದೇ. ಹಳೇ ಡಬ್ಬಾ ಟಿವಿ, ಅಂದ್ರೆ ಸಿಆರ್‌ಟಿ, ಸಿಗ್ನಲ್ ಬಂದಂಗೇ ಆ ಕ್ಷಣದಲ್ಲೇ ಗೆರೆ ಗೆರೆಯಾಗಿ ಬರ್ಕೊಂಡು ಹೋಗೋದು, ಮಧ್ಯ ಯೋಚನೆ ಮಾಡೋದೇ ಇಲ್ಲ. ಈಗಿನ ಟಿವಿ ಒಂದೊಂದು ಚಿತ್ರಾನೂ ತಗೊಂಡು, ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ಮಧ್ಯದಲ್ಲಿ ಇಲ್ಲದ ಫ್ರೇಮ್ ತಾನೇ ಹುಟ್ಟಿಸಿ ಆಮೇಲೆ ತೋರ್ಸುತ್ತೆ, ಗೇಮ್ ಮೋಡ್ ಆನ್ ಮಾಡ್ದೆ ಇದ್ರೆ ಕೆಲವು ಟಿವೀಲಿ ಇದಕ್ಕೆ 100 ಮಿಲಿಸೆಕೆಂಡೇ ಹೋಗ್ಬಿಡುತ್ತೆ. 60ರ ಲೆಕ್ಕದಲ್ಲಿ ಒಂದು ಫ್ರೇಮ್, ಅಂದ್ರೆ ಟಿವಿ ಒಂದು ಸಲ ಬರೆಯೋ ಚಿತ್ರ, ಅಂದ್ರೆ ಸುಮಾರು 16.7 ಮಿಲಿಸೆಕೆಂಡ್, ಅಂದ್ರೆ ನೀವು ಜಂಪ್ ಒತ್ತಿ ಆರು ಫ್ರೇಮ್ ಆದ್ಮೇಲೆ ಅವನು ಹಾರೋದು ಕಾಣ್ಸುತ್ತೆ. ಧಾರಾವಾಹಿ ನೋಡೋಕೆ ತೊಂದರೆ ಇಲ್ಲ. ಕಾಂಟ್ರಾದಲ್ಲಿ ಆರು ಫ್ರೇಮಲ್ಲಿ ಗುಂಡು ಎದೆ ದಾಟಿ ಆಚೆ ಹೋಗಿರುತ್ತೆ. ಡಕ್ ಹಂಟ್ ಗನ್ನು ಹೊಸ ಟಿವೀಲಿ ಕೆಲಸ ಮಾಡದೇ ಇರೋದಕ್ಕೂ ಇದೇ ಕಾರಣ: ಟ್ರಿಗರ್ ಒತ್ತಿದ ಕೂಡ್ಲೆ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇರೋ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತೆ, ಗನ್ನಿನ ಕಣ್ಣು ಆ ಬಿಳಿ ಕಂಡ್ರೆ ಬಿತ್ತು ಅಂತ ಲೆಕ್ಕ. ಹೊಸ ಟಿವಿ ಆ ಬಿಳಿ ಚೌಕ ತೋರ್ಸೋ ಹೊತ್ತಿಗೆ ಗೇಮು ಕಾಯೋದು ಬಿಟ್ಟು ಮುಂದೆ ಹೋಗಿರುತ್ತೆ.

ಇಟ್ಟಿಗೆ ಜೋಡಿಸಿದಂಗೆ ಕಾಣ್ತು ಅಂದ್ರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಆ ಮಿಷಿನ್ನಿನ ಚಿತ್ರ ಬರೀ 256 ಅಡ್ಡ, 240 ಉದ್ದ ಚುಕ್ಕೆ. ಅದನ್ನ ಬರೆದ ಕಲಾವಿದರು ಸಿಆರ್‌ಟಿ ಟಿವಿ ನೋಡ್ಕೊಂಡೇ ಬರೆದಿದ್ದು, ಅಲ್ಲಿ ಒಂದು ಚುಕ್ಕೆಯ ಬೆಳಕು ಪಕ್ಕದ ಚುಕ್ಕೆಗೆ ಸ್ವಲ್ಪ ಹರಡುತ್ತೆ, ಬಣ್ಣ ಕಲಸುತ್ತೆ. ಇದಕ್ಕೆ ಒಳ್ಳೇ ಸಾಕ್ಷಿ ಬೇಕಂದ್ರೆ ಸೆಗಾದ 1991ರ ಸೋನಿಕ್ ಗೇಮಿನ ಜಲಪಾತ ನೋಡಿ. ಹೊಸ ಮಾನಿಟರಲ್ಲಿ ಅದು ನೀಲಿ ಗೆರೆ, ಖಾಲಿ, ನೀಲಿ ಗೆರೆ, ಖಾಲಿ ಅಂತ ಕಿಟಕಿ ಸರಳು ತರ ಕಾಣುತ್ತೆ. ಹಳೇ ಟಿವಿಗೆ ಹಳೇ ವೈರಲ್ಲಿ ಹಾಕಿದ್ರೆ ಗೆರೆಗಳೆಲ್ಲ ಕಲೆತು ಹಿಂದಿನ ಬಂಡೆ ಕಾಣೋ ಹಂಗೆ ತಿಳಿ ನೀರಾಗುತ್ತೆ. ಪಾರದರ್ಶಕ ಬಣ್ಣ ಆ ಮಿಷಿನ್ನಿಗೆ ಸಲೀಸಾಗಿ ಬರ್ತಿರ್ಲಿಲ್ಲ, ವೈರು ಟಿವಿಯ ದೋಷಾನೇ ಬಣ್ಣದ ಡಬ್ಬಿ ಮಾಡ್ಕೊಂಡಿದ್ರು. ಮಗ ನೋಡಿದ್ದು ಆ ಚಿತ್ರ ಅಲ್ಲ, ಅದರ ಎಕ್ಸ್‌ರೇ.

ಸರಿ, ಇದೆಲ್ಲ ಸೇರಿಸಿದ್ರೆ ಏನಾಯ್ತು? ನಿಧಾನ ಓಡೋ, ಟರ್ಬೊ ಇರೋ, 30 ಲೈಫಿನ, ಒತ್ತಿದ ತಕ್ಷಣ ಕೇಳೋ ಒಂದು ಕಾಂಟ್ರಾ ನಿಮ್ಮ ನೆನಪಲ್ಲಿದೆ. ಅದು ಸುಳ್ಳು ನೆನಪಲ್ಲ, ಹಂಗೇ ಇತ್ತು. ಜಪಾನಿನವರು ಮಾಡಿದ ಕಟು ಗೇಮನ್ನ ನಕಲು ಮಾಲು ಮಾಡೋರು, ಪ್ಯಾಲ್ ಟಿವಿ, ಕೋಡ್ ಹೇಳ್ಕೊಟ್ಟ ಪಕ್ಕದ ಬೀದಿ ಹುಡುಗ, ಎಲ್ಲಾ ಸೇರಿ ನಿಮಗೆ ಗೊತ್ತಿಲ್ದಂಗೆ ಮೆತ್ತಗೆ ಮಾಡಿ ಕೊಟ್ಟಿದ್ರು. ನಿಮ್ಮ ಮಗ ಆಡೋ ಹೊಸ ರೆಟ್ರೋ ಗೇಮ್‌ಗಳಲ್ಲಿ ಒಳ್ಳೇವು ಏನು ಮಾಡ್ತವೆ ಅಂದ್ರೆ ಇದೇ ಮೆತ್ತಗೆ ಮಾಡೋ ಕೆಲಸಾನ ಬೇಕಂತ, ಲೆಕ್ಕ ಹಾಕಿ, ಒಳಗೇ ಬಚ್ಚಿಟ್ಟು ಮಾಡ್ತವೆ. ಅದಕ್ಕೇ ಅವನಿಗೆ ಅದು ಹಿಡಿಸುತ್ತೆ ಅಂತ ನನ್ನ ಲೆಕ್ಕ.

ಸೆಲೆಸ್ಟ್ ತಗೊಳ್ಳಿ, 2018ರದ್ದು. ನೋಡೋಕೆ ಹಳೇ ಗೇಮು, ಸಾವು ಅಂದ್ರೆ ನೂರಾರು ಸಲ ಸಾಯ್ತೀರ. ಆದ್ರೆ ಒಳಗೆ ಎಷ್ಟು ದಯೆ ಇದೆ ಅಂದ್ರೆ, ನೀವು ಬಂಡೆ ಅಂಚು ದಾಟಿ ಕಾಲು ಗಾಳೀಲಿ ಇಟ್ಟಾಗ್ಲೂ ಸುಮಾರು 0.1 ಸೆಕೆಂಡಿನೊಳಗೆ ಜಂಪ್ ಒತ್ತಿದ್ರೆ ನೆಲದ ಮೇಲಿದ್ದೀರ ಅಂತಾನೇ ಲೆಕ್ಕ ಹಾಕಿ ಹಾರಿಸುತ್ತೆ. ಇದಕ್ಕೆ ಗೇಮ್ ಮಾಡೋರು ಕಯೋಟಿ ಟೈಮ್ ಅಂತಾರೆ, ರೋಡ್ ರನ್ನರ್ ಕಾರ್ಟೂನಲ್ಲಿ ಬರೋ ಕಯೋಟಿ ಅನ್ನೋ ತೋಳ ಕೆಳಗೆ ನೋಡೋವರೆಗೂ ಪ್ರಪಾತಕ್ಕೆ ಬೀಳಲ್ವಲ್ಲ, ಅದರಿಂದ ಬಂದ ಹೆಸರು. ನೆಲ ಮುಟ್ಟೋಕೆ ಮುಂಚೇನೇ ಆತುರದಲ್ಲಿ ಜಂಪ್ ಒತ್ತಿಬಿಟ್ರೆ ಅದನ್ನ ನೆನಪಿಟ್ಕೊಂಡು ಮುಟ್ಟಿದ ಕೂಡ್ಲೆ ಹಾರಿಸುತ್ತೆ. ಹಾರುವಾಗ ತಲೆ ಮೇಲಿನ ಮೂಲೆಗೆ ಸ್ವಲ್ಪ ತಗುಲಿದ್ರೆ ಕೆಳಗೆ ಬೀಳಿಸಲ್ಲ, ನಾಲ್ಕಾರು ಪಿಕ್ಸೆಲ್, ಅಂದ್ರೆ ಚುಕ್ಕೆ, ಪಕ್ಕಕ್ಕೆ ಸರಿಸಿ ಮೇಲೆ ಹೋಗೋಕೆ ಬಿಡುತ್ತೆ. ಬಟನ್ ಹಿಡ್ಕೊಂಡಿದ್ರೆ ಹಾರಿದ ತುದೀಲಿ ಗುರುತ್ವ ಅರ್ಧ ಆಗುತ್ತೆ, ಎಲ್ಲಿ ಇಳೀಬೇಕು ಅಂತ ನೋಡ್ಕೊಳ್ಳೋಕೆ ಒಂದು ಗಳಿಗೆ ಸಿಗುತ್ತೆ. ಇದ್ಯಾವುದೂ ಆಡೋನಿಗೆ ಕಾಣಲ್ಲ, ಅವನಿಗೆ ಅನ್ಸೋದು "ನಾನು ಎಷ್ಟು ಚೆನ್ನಾಗಿ ಆಡ್ತಿದ್ದೀನಿ" ಅಂತ. ಸತ್ರೆ ಕಣ್ಣು ಮಿಟುಕಿಸೋದ್ರೊಳಗೆ ಅದೇ ರೂಮಲ್ಲಿ ಮತ್ತೆ ನಿಂತಿರ್ತಾನೆ, ಗೇಮ್ ಓವರ್ ಅಂತ ಮಖ ಉಗಿಯೋದೇ ಇಲ್ಲ.

ಶವಲ್ ನೈಟ್ (2014) ಇನ್ನೂ ಜಾಣ. ಅದನ್ನ ಮಾಡಿದ ಯಾಟ್ ಕ್ಲಬ್ ಗೇಮ್ಸ್‌ನವರು ಎನ್‌ಇಎಸ್ ಗೇಮ್ ತರಾನೇ ಮಾಡ್ಬೇಕು ಅಂತ ಹೊರಟವರು, ಆದ್ರೆ ಎಲ್ಲೆಲ್ಲಿ ಆ ಮಿಷಿನ್ ಮಾತು ಕೇಳಬಾರ್ದು ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡಿದ್ರು. ಅಸಲಿ ಮಿಷಿನ್ನಲ್ಲಿ ಒಂದು ಅಡ್ಡ ಗೆರೆ ಮೇಲೆ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಓಡಾಡೋ ಚಿತ್ರದ ತುಂಡು) ಬಂದ್ರೆ ತೋರಿಸೋಕಾಗಲ್ಲ, ಅದಕ್ಕೇ ನಾಲ್ಕೈದು ಶತ್ರು ಒಟ್ಟಿಗೆ ಬಂದಾಗ ಎಲ್ರೂ ಮಿಣಮಿಣ ಅಂತ ಮಿನುಗೋದು ನೆನಪಿದ್ಯಾ? ಶವಲ್ ನೈಟಲ್ಲಿ ಅದಿಲ್ಲ. ಸ್ಕ್ರೀನ್ ಅಗಲ, ಬಣ್ಣದ ಪಟ್ಟೀಲಿ ಇಲ್ಲದ ಕೆಲವು ಬಣ್ಣ ಸೇರಿಸಿದ್ದಾರೆ. ಸಾಯೋ ವಿಷಯದಲ್ಲಂತೂ ನನಗೆ ಭಾರೀ ಇಷ್ಟ: ಸತ್ರೆ ಲೈಫ್ ಹೋಗಲ್ಲ, ಸ್ವಲ್ಪ ದುಡ್ಡು ಹೋಗುತ್ತೆ, ಆ ದುಡ್ಡು ಸತ್ತ ಜಾಗದಲ್ಲೇ ರೆಕ್ಕೆ ಬಂದ ಗಂಟಾಗಿ ತೇಲ್ತಿರುತ್ತೆ, ಅಲ್ಲಿವರೆಗೂ ಮತ್ತೆ ಬಂದ್ರೆ ವಾಪಸ್. ಇನ್ನೂ ಕೊಬ್ಬಿದ್ರೆ ಚೆಕ್‌ಪಾಯಿಂಟಿನ ಗಾಜನ್ನ ಒಡೆದು ಅದರಲ್ಲಿರೋ ದುಡ್ಡೂ ತಗೋಬಹುದು, ಆದ್ರೆ ಆಮೇಲೆ ಸತ್ರೆ ಹಿಂದಿನ ಚೆಕ್‌ಪಾಯಿಂಟಿಗೆ ಹೋಗ್ಬೇಕು. ಅಂದ್ರೆ 1980ರ ಕಷ್ಟ ಬೇಕಾ ಬೇಡ್ವಾ ಅಂತ ನಿಮ್ಮನ್ನೇ ಕೇಳುತ್ತೆ, ಅದೂ ಸೆಟ್ಟಿಂಗ್ಸ್ ಮೆನು ಅಂತ ಇಲ್ಲದೆ, ಹೀರೋ ಕೈಲಿರೋ ಸಲಿಕೇಲಿ.

ಇದಕ್ಕೆ ಉಲ್ಟಾ ಮೆಗಾ ಮ್ಯಾನ್ 9. 2008ರಲ್ಲಿ ಕ್ಯಾಪ್‌ಕಾಮ್‌ನವರು ಆಗಿನ ಹೊಸ ಮಿಷಿನ್‌ಗಳಿಗೆ ಎಂಟು ಬಿಟ್ಟಿನ, ಅಂದ್ರೆ ಎನ್‌ಇಎಸ್ ಕಾಲದ ತರದ, ಗೇಮ್ ಮಾಡಿದ್ರು, ಹಿಂದಿನ ಭಾಗಗಳಲ್ಲಿ ಬಂದಿದ್ದ ಜಾರೋದು, ಗುಂಡು ಚಾರ್ಜ್ ಮಾಡೋದು ಎಲ್ಲಾ ಕಿತ್ತಾಕಿ ಎರಡನೇ ಭಾಗದ ಕಾಲಕ್ಕೆ ಹೋದ್ರು. ಸಾಲ್ದು ಅಂತ ಹಳೇ ಮಿಷಿನ್ ತರ ಸ್ಪ್ರೈಟ್ ಮಿನುಗಿಸೋ ಒಂದು ಆಯ್ಕೆ ಬೇರೆ. ತಮಾಷೆಗೆ ಅಂತ ಅರ್ಥ ಆಗುತ್ತೆ. ನಾನು ಒಂದು ಸಲ ಆನ್ ಮಾಡಿ, ನಕ್ಕು, ಆಫ್ ಮಾಡ್ದೆ. ಗೇಮು ಮಾತ್ರ ಗಟ್ಟಿ, ಆದ್ರೆ 11 ವರ್ಷದ ಹುಡುಗನ ಕೈಗೆ ಮೊದ್ಲೇ ಕೊಡಬೇಡಿ, ಗೇಮ್‌ಪ್ಯಾಡ್ ಗೋಡೆಗೆ ಹೋಗುತ್ತೆ.

ಈಗ ನಿಮ್ಮ ಅಸಲಿ ಪ್ರಶ್ನೆ, ಹಳೇವು ಚೆನ್ನಾಗಿದ್ವಾ ಅಂತ. ಕೆಲವು ತುಂಬಾ ಚೆನ್ನಾಗಿದ್ವು, ಮುಕ್ಕಾಲು ಪಾಲು ಕಸ, ಈಗ್ಲೂ ಹಂಗೇ ಅಲ್ವಾ. ಸೂಪರ್ ಮಾರಿಯೋ ಬ್ರದರ್ಸ್ (1985) ಇಡೀ ಗೇಮು 40 ಕಿಲೋಬೈಟು, ಬೆಳಿಗ್ಗೆ ವಾಟ್ಸಾಪಲ್ಲಿ ಬರೋ ಶುಭೋದಯದ ಹೂವಿನ ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಜಾಗ ಉಳಿಸೋಕೆ ಅದರಲ್ಲಿ ಮೋಡ ಮತ್ತೆ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಒಂದು ಸಲ ಇದನ್ನ ಮಗನಿಗೆ ತೋರ್ಸಿ, ಆಮೇಲೆ ಅವನು ಎಲ್ಲಾ ಗೇಮಲ್ಲೂ ಇದನ್ನೇ ಹುಡುಕ್ತಾನೆ. ಆ ಮಾರಿಯೋ ಹಾರಿದ್ಮೇಲೂ ಗಾಳೀಲಿ ನಿಮ್ಮ ಮಾತು ಕೇಳ್ತಾನೆ, ಬಟನ್ ಬೇಗ ಬಿಟ್ರೆ ಚಿಕ್ಕ ಜಂಪು, ಹಿಡಿದ್ರೆ ದೊಡ್ಡ ಜಂಪು. ಈಗ ಆಡಿದ್ರೂ ಹಳೇದು ಅನ್ಸಲ್ಲ. ಮಾರನೇ ವರ್ಷ ಬಂದ ಕ್ಯಾಸಲ್‌ವೇನಿಯಾದಲ್ಲಿ ಹಾರಿದ್ರೆ ಮುಗೀತು, ಬಾಣ ಬಿಟ್ಟಂಗೆ, ಗಾಳೀಲಿ ತಿರುಗೋಕಾಗಲ್ಲ. ಬಹಳ ಜನ ಇದನ್ನ ದೋಷ ಅಂತಾರೆ, ನಾನು ಒಪ್ಪಲ್ಲ, ಅಲ್ಲಿ ಪ್ರತಿ ಜಂಪೂ ಒಂದು ನಿರ್ಧಾರ, ಶತ್ರುಗಳನ್ನೂ ಆ ಲೆಕ್ಕಕ್ಕೇ ಇಟ್ಟಿದ್ದಾರೆ. ಆದ್ರೆ ಮೆಟ್ಟಿಲು ಇಳಿಯೋಕೆ ಹೋಗಿ ಕಾಲು ತಪ್ಪಿ ಹಳ್ಳಕ್ಕೆ ಬೀಳೋದು ಮಾತ್ರ ದೋಷಾನೇ, ಅದಕ್ಕೆ ನಾನು ವಕಾಲತ್ತು ಹಾಕಲ್ಲ. ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಅಂತೂ ಇಡೀ ಗೇಮ್ ಮುಗಿಸಿದ್ಮೇಲೆ "ಇದೆಲ್ಲ ಭ್ರಮೆ, ಮತ್ತೆ ಮೊದಲಿಂದ ಆಡು" ಅಂತ ವಾಪಸ್ ಕಳ್ಸುತ್ತೆ. ಇಷ್ಟು ಹೊಟ್ಟೆ ಉರಿಸೋದು ಯಾಕೆ ಅಂದ್ರೆ ಪಾರ್ಲರ್ ಮಿಷಿನ್ನಿಗೆ ಕಾಸು ಬೀಳ್ತಾ ಇರ್ಬೇಕಿತ್ತು, ಮನೆ ಕ್ಯಾಸೆಟ್ಟಲ್ಲಿ ಜಾಗ ಇಲ್ಲದ್ದಕ್ಕೆ ಅರ್ಧ ಗಂಟೆ ಗೇಮನ್ನ ಆರು ತಿಂಗಳು ಎಳೀಬೇಕಿತ್ತು. ಆ ಕಾರಣ ಎರಡೂ ಈಗ ಇಲ್ಲ, ಹಂಗಾಗಿ ಆ ಕಷ್ಟಾನ ಹಾಗೇ ಎತ್ಕೊಂಡು ಬಂದು "ಇದು ಅಸಲಿ ರೆಟ್ರೋ" ಅಂತ ಮಾರೋ ಹೊಸಬರನ್ನ ಕಂಡ್ರೆ ನನಗೆ ರೇಗುತ್ತೆ.

ಸಿಟ್ಟು ಬಂದಿದೆ ಅಂದ್ಮೇಲೆ ಇನ್ನೊಂದನ್ನೂ ಹೇಳ್ಬಿಡ್ತೀನಿ. ಪಿಕ್ಸೆಲ್ ಗೇಮು ಅಂತ ಹೇಳಿ ಹೀರೋನ ಒಂದು ಪಿಕ್ಸೆಲ್ ಇಷ್ಟು ದಪ್ಪ, ಹಿಂದಿನ ಮರದ ಪಿಕ್ಸೆಲ್ ಅದರ ಅರ್ಧ, ಮೇಲೆ ಬರೆದಿರೋ ಅಕ್ಷರ ನೀಟಾಗಿ ನುಣುಪು. ಕತ್ತಿ ಬೀಸಿದ್ರೆ ಪಿಕ್ಸೆಲ್‌ಗಳೇ ಓರೆಯಾಗಿ ಡೈಮಂಡ್ ಆಕಾರದಲ್ಲಿ ತಿರುಗ್ತವೆ, ಟೈಲ್ಸ್ ಹಾಕಿದ ನೆಲದಿಂದ ಒಂದು ಟೈಲ್ ಎದ್ದು ಕುಣಿದಂಗೆ. ಹಳೇ ಮಿಷಿನ್ನಲ್ಲಿ ಇಡೀ ಚಿತ್ರ ಒಂದೇ ಚೌಕದ ಬಲೆ ಮೇಲೆ ಕೂತಿರ್ತಿತ್ತು, ಅದಕ್ಕೇ ಅಷ್ಟು ಕಮ್ಮಿ ಚುಕ್ಕೇಲೂ ಒಂದು ಪ್ರಪಂಚ ಅನ್ಸೋದು. ಸೆಲೆಸ್ಟ್ ಗೇಮಿನ ಆಟದ ಭಾಗ 320 ಅಡ್ಡ 180 ಉದ್ದದ ಬಲೇಲೇ ನಡೆಯೋದು, ಅಂಗಡೀಲಿ ಪಿಕ್ಸೆಲ್ ಗೇಮ್ ನೋಡಿದಾಗ ಟ್ರೇಲರನ್ನ ನಿಲ್ಲಿಸಿ ಈ ಬಲೆ ಒಂದೇ ಇದ್ಯಾ ಅಂತ ನೋಡಿ, ಹತ್ತರಲ್ಲಿ ಏಳು ಸಲ ಒಳಗಿನ ಕೆಲಸ ಹೆಂಗಿರುತ್ತೆ ಅಂತ ಅಲ್ಲೇ ಗೊತ್ತಾಗ್ಬಿಡುತ್ತೆ. ಇದು ನನ್ನ ಅನುಭವದ ಲೆಕ್ಕ, ಯಾವ ಸಂಶೋಧನೇನೂ ಅಲ್ಲ.

ನನ್ನ ಸ್ವಂತ ಹುಚ್ಚು ಕಾಂಟ್ರಾ ಅಲ್ಲ, ಪ್ರಿನ್ಸ್ ಆಫ್ ಪರ್ಷಿಯಾ. ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಮೇಷ್ಟ್ರು ಆಚೆ ಹೋದ ತಕ್ಷಣ ಕಪ್ಪು ಸ್ಕ್ರೀನಲ್ಲಿ ಪ್ರಿನ್ಸ್, ಒಂದು ಸ್ಪೇಸು, ಮೆಗಾಹಿಟ್ ಅಂತ ಟೈಪ್ ಮಾಡಿದ್ರೆ ಚೀಟ್ ಆನ್ ಆಗ್ತಿತ್ತು, ಆ ಮಾತಿನ ಅರ್ಥ ಏನು ಅಂತ ನಮ್ಮ ಕ್ಲಾಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಮಂತ್ರ ತರ ಟೈಪ್ ಮಾಡ್ತಿದ್ವಿ. ಜೋರ್ಡನ್ ಮೆಕ್ನರ್ ಅನ್ನೋರು 1989ರಲ್ಲಿ ಆಪಲ್ ಟು ಕಂಪ್ಯೂಟರಿಗೆ ಅಂತ ಮಾಡಿದ್ದು ಅದು. ತಮ್ಮನಿಗೆ ಬಿಳಿ ಬಟ್ಟೆ ಹಾಕ್ಸಿ, ಓಡ್ಸಿ, ಹಾರ್ಸಿ, ವಿಡಿಯೋ ಮಾಡಿ ಒಂದೊಂದೇ ಫ್ರೇಮ್ ನೋಡ್ಕೊಂಡು ರಾಜಕುಮಾರನ್ನ ಬರೆದ್ರು, ಅದಕ್ಕೇ ಅವನು ಅಂಚು ಹಿಡ್ಕೊಂಡು ಜೋತಾಡುವಾಗ ನಿಜವಾದ ಮನುಷ್ಯನ ಭಾರ ಕಾಣೋದು. ಆ ಚಿತ್ರಗಳೇ ಮೆಮೊರಿ ಎಲ್ಲಾ ತಿಂದ್ಬಿಟ್ಟು ಇನ್ನೊಬ್ಬ ಶತ್ರುನ ಬರೆಯೋಕೆ ಜಾಗಾನೇ ಇರ್ಲಿಲ್ಲ. ಆಗ ಅದೇ ರಾಜಕುಮಾರನ ಚಿತ್ರಾನೇ ಸ್ವಲ್ಪ ಬದಲಾಯಿಸಿ ನೆರಳು ಮನುಷ್ಯ ಅಂತ ಮಾಡಿದ್ರು, ಕನ್ನಡಿಯೊಳಗಿಂದ ಹಾರಿ ಬರ್ತಾನಲ್ಲ, ಅವನೇ. ಕೊನೇಲಿ ಅವನನ್ನ ಹೊಡೆದ್ರೆ ನಿಮಗೇ ಏಟು, ಕತ್ತಿ ಒಳಗಿಟ್ರೆ ಮಾತ್ರ ಇಬ್ಬರೂ ಒಂದಾಗ್ತಾರೆ. ಇದೆಲ್ಲ ಹುಟ್ಟಿದ್ದು ಜಾಗ ಸಾಲದೇ ಇದ್ದಿದ್ದಕ್ಕೆ.

ಹೊಸಬರಲ್ಲಿ ಇಂಥ ಬುದ್ಧಿ ಎಲ್ಲಿದೆ ಅಂದ್ರೆ ನಾನು ಯುಎಫ್‌ಓ 50 ಅಂತೀನಿ. 2024ರಲ್ಲಿ ಬಂತು, ಡೆರೆಕ್ ಯೂ ಮತ್ತೆ ಗೆಳೆಯರು ಮಾಡಿದ್ದು. 80ರ ದಶಕದಲ್ಲಿ ಇದ್ದೇ ಇರದ ಒಂದು ಕಂಪನಿ, ಅದರ ಇದ್ದೇ ಇರದ ಮಿಷಿನ್ನು, ಅದಕ್ಕೆ 50 ಗೇಮು, ಎಲ್ಲಕ್ಕೂ ಅದೇ 32 ಬಣ್ಣ. ಒಂಥರಾ ನಮ್ಮ "50 ಇನ್ ಒನ್" ಕ್ಯಾಸೆಟ್ಟೇ, ಆದ್ರೆ ಇಲ್ಲಿ ನಿಜವಾಗ್ಲೂ 50 ಇದೆ! ಮೊದಲನೇ ಗೇಮು ಬಾರ್ಬುಟಾ ಬೇಕಂತಾನೇ ಕ್ರೂರವಾಗಿದೆ, ಅಲ್ಲಿಂದ ಶುರು ಮಾಡಿದವರು ಬೈಕೊಂಡು ಬಿಟ್ಟುಬಿಡ್ತಾರೆ, ಹಂಗೆ ಮಾಡಬೇಡಿ, ಮನಸ್ಸಿಗೆ ಬಂದ ಕಡೆ ತೆಗೆದು ಆಡಿ. ಪ್ಲೇಸ್ಟೇಷನ್ ಒಂದರ ಕಾಲದ ಅಲುಗಾಡೋ ಗೋಡೆ, ಮಂಜು ತುಂಬಿದ ಬೀದಿ ನೋಟದಲ್ಲಿ ಈಗ ಹಾರರ್ ಗೇಮ್‌ಗಳೂ ಬರ್ತಿವೆ, ಸಿಗ್ನಾಲಿಸ್ (2022), ಕ್ರೋ ಕಂಟ್ರಿ (2024) ಎರಡೂ ಒಳ್ಳೇವು, ಮಗ ಮಲಗಿದ್ಮೇಲೆ ನೀವು ಆಡೋಕೆ. ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ನಾನು ಹೇಳೋದೇನಿಲ್ಲ, ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಮಾಡಿ 2016ರಲ್ಲಿ ಬಿಟ್ಟಿದ್ದು, ನಮ್ಮನೇಲಿ ಅದು ಶುರುವಾದ್ರೆ ಅಡುಗೆ ತಡ ಆಗುತ್ತೆ.

ಈಗ ಕೆಲಸದ ಮಾತು. ಮೊದ್ಲು ಟಿವಿ ಸೆಟ್ಟಿಂಗ್ಸಲ್ಲಿ ಗೇಮ್ ಮೋಡ್ ಆನ್ ಮಾಡಿ, ಅರ್ಧ ಕಾಯಿಲೆ ಅಲ್ಲೇ ವಾಸಿ. ಕಾಂಟ್ರಾನ ನ್ಯಾಯವಾಗಿ ಕೊಂಡ್ಕೊಂಡು ಆಡ್ಬೇಕು ಅಂದ್ರೆ ಅದನ್ನ ಮಾಡಿದ ಕೊನಾಮಿ ಕಂಪನಿಯವರೇ 2019ರಲ್ಲಿ ಬಿಟ್ಟ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಇದೆ, ಎಲ್ಲಿ ಬೇಕಾದ್ರೂ ಸೇವ್ ಮಾಡ್ಬಹುದು, ಜಪಾನಿನ ಫ್ಯಾಮಿಕಾಮ್ ವರ್ಷನ್ನೂ ಸಿಗುತ್ತೆ, ಅದರಲ್ಲಿ ಕಾಡಿನ ಮರಗಳು ಗಾಳಿಗೆ ಅಲ್ಲಾಡ್ತವೆ, ಅಮೆರಿಕದ್ದರಲ್ಲಿ ಅದಿಲ್ಲ. ಎಲ್ಲಾ ಹಳೇ ಗೇಮಿಗೂ ಈ ಅದೃಷ್ಟ ಇಲ್ಲ ಸರ್, ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅವರು 2023ರಲ್ಲಿ ನೋಡಿದಾಗ 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಅಂಗಡೀಲೇ ಸಿಗಲ್ಲ ಅಂತ ಗೊತ್ತಾಯ್ತು. ಎಮ್ಯುಲೇಟರಲ್ಲೇ ಆಡ್ತೀನಿ ಅಂದ್ರೆ ಮೆಸೆನ್ ತರದ್ದರಲ್ಲಿ ರೀಜನ್ ಅಂತ ಒಂದು ಆಯ್ಕೆ ಇರುತ್ತೆ, ಅದರಲ್ಲಿ ಡೆಂಡಿ ಅಂತ ಹಾಕಿ. ಡೆಂಡಿ ಅಂದ್ರೆ ರಷ್ಯಾದಲ್ಲಿ 1992ರಿಂದ ಮಾರಿದ ಫ್ಯಾಮಿಕಾಮ್ ನಕಲು, ನಮ್ಮ ಟಿವಿ ಗೇಮಿನ ದಾಯಾದಿ, 50ರ ಲೆಕ್ಕದಲ್ಲಿ ಓಡುತ್ತೆ. ಅದನ್ನ ಹಾಕಿ ಟೈಟಲ್ ಮ್ಯೂಸಿಕ್ ಕೇಳಿ ನೋಡಿ, ನಿಮ್ಮ ಅಣ್ಣನಿಗೆ ಫೋನ್ ಮಾಡ್ಬೇಕು ಅನ್ಸುತ್ತೆ. ಸಿಆರ್‌ಟಿ ಫಿಲ್ಟರ್ ಆನ್ ಮಾಡಿ, ಟರ್ಬೊ ಒಂದು ಬಟನ್ನಿಗೆ ಕೊಡಿ. ಆನ್‌ಲೈನಲ್ಲಿ ಸಿಗೋ "400 ಗೇಮ್" ಅಂತ ಅಂಗೈಯಗಲದ ಡಬ್ಬಿ ಮಾತ್ರ ಬೇಡ, ನಾನು ಒಂದು ತರಿಸಿ ಜಂಪ್ ಬಟನ್ ಎರಡೇ ವಾರಕ್ಕೆ ಒಳಗೆ ಕೂತ್ಬಿಡ್ತು, ವಾಪಸ್ ತಗೊಳ್ಳಿ ಅಂದ್ರೆ ಮಾರಿದೋನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಅಟ್ಟದ ಮೇಲೆ ಹಳೇ ಮಿಷಿನ್ ಸಿಕ್ಕಿದ್ರೆ ಕ್ಯಾಸೆಟ್ಟಿಗೆ ಉಫ್ ಅಂತ ಊದಬೇಡಿ, ಊದಿದ್ದಕ್ಕಲ್ಲ ಅದು ಓಡ್ತಿದ್ದದ್ದು, ತೆಗೆದು ಮತ್ತೆ ಕೂರಿಸಿದ್ದಕ್ಕೆ, ಎಂಜಲಿನ ತೇವಕ್ಕೆ ಪಿನ್ ತುಕ್ಕು ಹಿಡಿಯುತ್ತೆ.

ಮತ್ತೆ ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡು "ನೋಡು" ಅನ್ನಬೇಡಿ, ಎರಡನೇ ರಿಮೋಟ್ ಕೈಗೆ ಕೊಡಿ. ಕೋಡ್ ಅವನ ಕೈಲೇ ಒತ್ತಿಸಿ. ಮೊದಲನೇ ಸ್ಟೇಜಲ್ಲಿ ನೀರಿಗಿಳಿದು ಕೆಳಗಿನ ಬಟನ್ ಒತ್ತಿದ್ರೆ ಮುಳುಗಿ ಗುಂಡು ತಪ್ಪಿಸ್ಕೋಬಹುದು ಅಂತ ನೀವು ಹೇಳಬೇಡಿ, ಅವನೇ ಕಂಡು ಹಿಡೀಲಿ. ಮೂರನೇ ಸ್ಟೇಜ್ ಜಲಪಾತ ಬಂದಾಗ ಮಾತ್ರ ಮೊದ್ಲೇ ಮಾತಾಡ್ಕೊಳ್ಳಿ, ಅಲ್ಲಿ ಒಬ್ಬ ಮೇಲೆ ಹಾರ್ತಾ ಹೋದ್ರೆ ಸ್ಕ್ರೀನ್ ಅವನ ಜೊತೆ ಮೇಲೆ ಹೋಗಿ ಕೆಳಗಿರೋನು ಸಾಯ್ತಾನೆ. ನಿಮ್ಮಣ್ಣ ನಿಮಗೆ ಮಾಡಿರ್ತಾರೆ, ಈಗಿನ ಹುಡುಗ್ರ ಕೈ ಇನ್ನೂ ಚುರುಕು.